ಹೊರಗಿನ ಚಾಪೆ

ಅನ್ನಕ್ಕೆ ಎಷ್ಟು ನೀರು ಇಡಬೇಕೆಂಬುದು ಕೃಷ್ಣಾಜಿಗೆ ಚೆನ್ನಾಗಿಯೇ ಗೊತ್ತಿತ್ತು. ಅವನ ಅಪ್ಪನಿಗೂ ಗೊತ್ತಿತ್ತು, ಅಜ್ಜನಿಗೂ ಗೊತ್ತಿತ್ತು. ಹೊರಗಿನವರು ಕೇಳಿದರೆ ನಗುತ್ತಾರೆ. ಮಡಿ ಹುಡಿ ಎನ್ನುವ ಮನೆಯ ಗಂಡಸರು ಅಡಿಗೆಮನೆಯ ಕಡೆ ತಲೆ ಹಾಕುವುದಿಲ್ಲವೆಂದು ಅವರ ಎಣಿಕೆ. ತಿಂಗಳಿಗೆ ಮೂರು ದಿನ ಹೆಂಗಸು ಹೊರಗೆ ಕೂತರೆ ಒಲೆಯ ಮುಂದೆ ಇನ್ನಾರು ಕೂಡಬೇಕು? ಹನ್ನೆರಡು ವರ್ಷದವನಿದ್ದಾಗಲೇ ಅವ್ವ ಹಿತ್ತಲ ಬಾಗಿಲಲ್ಲಿ ಚಾಪೆ ಹಾಸಿಕೊಂಡು ಕೂತು, "ಬ್ಯಾಳಿ ಕುದ್ದದ ನೋಡು, ಅರಿಷಿಣ ಹಾಕು, ಇಷ್ಟಲ್ಲೋ ಖೋಡಿ, ಚಿಟಿಕಿ" ಎಂದು ದೂರದಿಂದಲೇ ಕಲಿಸಿಬಿಟ್ಟಿದ್ದಳು. ಆದ್ದರಿಂದ ಕಾರವಾರದ ಈ ಬಾಡಿಗೆ ಮನೆಯಲ್ಲಿ, ಒದ್ದೆ ಪಂಚೆ ಉಟ್ಟುಕೊಂಡು ಪಂಪ್ ಸ್ಟೋವಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ಐವತ್ತಾರು ವರ್ಷದ ಗಣಿತದ ಮಾಸ್ತರನಿಗೆ ಅಡಿಗೆ ಕಷ್ಟವೆನಿಸಲಿಲ್ಲ. ಅಕ್ಕಿ ತೊಳೆದ ನೀರನ್ನು ಬಸಿಯುತ್ತಿದ್ದಾಗ, ಎರಡನೆಯ ದಿನದ ಹನ್ನೊಂದು ಗಂಟೆಗೆ, ಕೈ ತಾನಾಗಿಯೇ ನಿಂತಿತು. ಸುಲಭಾ ಹೊರಗೆ ಕೂಡುವುದು ನಿಂತು ಮೂರು ವರ್ಷವಾಗಿತ್ತು.

ಅಲ್ಲ, ಇದು ಹೇಗೆ ಮರೆತುಹೋಯಿತು? ನಿನ್ನೆ ಬುಧವಾರ ಬೆಳಿಗ್ಗೆ ಆಕೆ ಪಡಸಾಲೆಯ ಬಾಗಿಲಲ್ಲಿ ನಿಂತು, "ನಾ ಹೊರಗಾಗೇನಿ, ಅಡಿಗಿ ನೀವ ಮಾಡಬೇಕಾಗ್ತದ" ಎಂದಿದ್ದಳು. ಅವನು "ಹೂಂ" ಎಂದು ಪಂಚೆ ನೆನೆಹಾಕಿದ್ದ. ಮೂವತ್ತು ವರ್ಷದ ರೂಢಿ. ಕಿವಿಗೆ ಬಿದ್ದ ಕೂಡಲೇ ಕೈ ಕೆಲಸಕ್ಕೆ ಹತ್ತಿತ್ತು, ತಲೆಯನ್ನು ಕೇಳುವ ಗೋಜಿಗೇ ಹೋಗಿರಲಿಲ್ಲ. ಆಕೆಗಾಗಿ ಪಡಸಾಲೆಯ ಮೂಲೆಯಲ್ಲಿ ಚಾಪೆ, ತಲೆದಿಂಬು, ಒಂದು ಸ್ಟೀಲಿನ ತಾಟು, ಒಂದು ಲೋಟ ಬೇರೆ ಇಟ್ಟಿದ್ದ. ಊಟದ ಹೊತ್ತಿಗೆ ಆಕೆ ತಾಟನ್ನು ಮುಂದೆ ತಳ್ಳಿ ಎರಡು ಮೊಳ ಹಿಂದೆ ಸರಿಯುವಳು; ಇವನು ಬಗ್ಗಿ, ಮೇಲಿಂದ, ತಾಟಿಗೆ ಸೌಟು ತಗಲದಂತೆ ಅನ್ನ ಬೀಳಿಸುವನು. ಬಿಸಿ ಸಾರು ಮೇಲಿಂದ ಬಿದ್ದು ಆಕೆಯ ಸೀರೆಗೆ ಸಿಡಿದರೆ ಆಕೆ ಸೆರಗಿನಿಂದ ಒರೆಸಿಕೊಂಡು ಉಣ್ಣುವಳು.

ಬಂದರು ರಸ್ತೆಯ ಈ ಮನೆಯನ್ನು ಮಗಳು ಪ್ರಾಚಿ ಹುಬ್ಬಳ್ಳಿಯಿಂದಲೇ ಫೋನಿನಲ್ಲಿ ಗೊತ್ತುಮಾಡಿದ್ದಳು. ಊರಿಗೆ ಬಂದವರೆಲ್ಲ ಲಾಡ್ಜಿನಲ್ಲಿ ಇಳಿದು ಹೋಟೆಲಿನಲ್ಲಿ ಉಂಡು ಹೋಗುತ್ತಾರೆ. ಇವರು ಹೋಟೆಲಿನಲ್ಲಿ ಉಣ್ಣುವ ಜನವಲ್ಲವಾದ್ದರಿಂದ ಅಡಿಗೆ ಮಾಡಿಕೊಳ್ಳುವ ಮನೆಯೇ ಬೇಕಿತ್ತು. ವಾರದ ಮಟ್ಟಿಗೆ ಮನೆ, ಪಾತ್ರೆ, ಗ್ಯಾಸು ಎಲ್ಲ ಇತ್ತು. ಮಾಲೀಕರು ಅಡಿಗೆಮನೆಯ ಗೋಡೆಗೆ ಒಂದು ಪಟ್ಟಿ ಅಂಟಿಸಿದ್ದರು: ತಾಟು ಆರು, ಸೌಟು ಎರಡು, ಮೀನು ಹೆಚ್ಚುವ ಮಣೆ ಒಂದು, ಹೋಗುವಾಗ ತೊಳೆದಿಟ್ಟು ಹೋಗತಕ್ಕದ್ದು. ಮೀನಿನ ಮಣೆ ಓದಿದ ಮೇಲೆ ಅವರ ಪಾತ್ರೆಯನ್ನು ಮುಟ್ಟುವ ಮಾತೇ ಇರಲಿಲ್ಲ. ಸ್ಟೋವು, ಹಿತ್ತಾಳೆ ಪಾತೇಲಿ, ಜೋಳದ ಹಿಟ್ಟು, ಚಟ್ನಿಪುಡಿ, ಮೆಂತ್ಯದ ಹಿಟ್ಟು, ಎರಡು ಗೋಣಿಚೀಲದ ತುಂಬ ಬಾಗಲಕೋಟೆಯಿಂದಲೇ ಬಂದಿದ್ದವು. "ಸಮುದ್ರ ನೋಡಲಿಕ್ಕೆ ಹೊಂಟೀರೋ, ಮನಿ ಶಿಫ್ಟ್ ಮಾಡಲಿಕ್ಕೆ ಹೊಂಟೀರೋ ಸರ?" ಎಂದು ಬಸ್ಸಿನ ಕಂಡಕ್ಟರ್ ಕೇಳಿದ್ದಕ್ಕೆ ಮಂದಿ ನಕ್ಕಿತ್ತು. ಸುಲಭಾ ನಕ್ಕಿರಲಿಲ್ಲ. ಮೂರು ವರ್ಷದಿಂದ ಆಕೆ ನಕ್ಕದ್ದು ಅವನಿಗೆ ನೆನಪಿಲ್ಲ. ಅತ್ತದ್ದೂ ನೆನಪಿಲ್ಲ. ಕೇಳಿದ್ದಕ್ಕೆ ಉತ್ತರ, ಕೇಳದಿದ್ದರೆ ಸುಮ್ಮನೆ. ಪ್ರಾಚಿಗೆ ಅದೇ ಚಿಂತೆಯಾಗಿ, "ಅಪ್ಪಾ, ಆಕಿನ್ನ ಎಲ್ಲ್ಯರೆ ಕರಕೊಂಡು ಹೋಗು, ಇಲ್ಲಾಂದ್ರ ಕಲ್ಲಾಗ್ತಾಳ" ಎಂದಿದ್ದಳು. ಶನಿವಾರ, ಶಿವರಾತ್ರಿಯ ಬೆನ್ನಿಗೆ ಬರುವ ಅವರಾತ್ರಿ ಅಮವಾಸ್ಯೆ ಬೇರೆ. ಪರ್ವಕಾಲವಲ್ಲದೆ ಸಮುದ್ರವನ್ನು ಮುಟ್ಟಬಾರದು. ಅಮವಾಸ್ಯೆಗೆ ಮುಟ್ಟಬಹುದು, ಮಿಂದು ಅವ್ವನಿಗೆ ತರ್ಪಣವನ್ನೂ ಬಿಡಬಹುದು. ಹೀಗೆ ಒಂದು ನೆಪ ಸಿಕ್ಕ ಮೇಲೆಯೇ ಕೃಷ್ಣಾಜಿ ಹೊರಟಿದ್ದ. ಬರೀ ಗಾಳಿ ಕುಡಿಯಲು ಊರು ಬಿಟ್ಟು ಹೋಗುವುದೆಂದರೆ ಅವನಿಗೆ ನಾಚಿಕೆ.

ಅಕ್ಕಿ ಪಾತೇಲಿಗೆ ಬಿತ್ತು. ಈಗ ಎರಡೇ ಮಾತು. ಆಕೆ ಹೇಳಿದ್ದು ಖರೆಯಿದ್ದರೆ ಅದು ರೋಗ. ಸಾಲೆಯ ಡ್ರಾಯಿಂಗ್ ಮಾಸ್ತರನ ಹೆಂಡತಿಗೆ ಹೀಗೇ, ನಿಂತು ಎಷ್ಟೋ ವರ್ಷವಾದ ಮೇಲೆ ಶುರುವಾಗಿ, ದವಾಖಾನೆಗೆ ಹೋಗುವಷ್ಟರಲ್ಲಿ ತಡವಾಗಿ, ಆರು ತಿಂಗಳು ಇರಲಿಲ್ಲ. ಸುಳ್ಳಿದ್ದರೆ? ಈ ವಯಸ್ಸಿನಲ್ಲಿ ಇಂಥ ಸುಳ್ಳು ಯಾಕೆ ಹೇಳಬೇಕು? ಅಡಿಗೆ ಬೇಸರವಾಗಿದ್ದರೆ ಬೇಸರವೆಂದು ಹೇಳಬಹುದಿತ್ತು. ಗಂಡನನ್ನು ಎರಡು ಮೊಳ ದೂರ ಇಡುವುದಕ್ಕೇ ಆಗಿದ್ದರೆ, ಆ ಎರಡು ಮೊಳ ಮನೆಯಲ್ಲೇ ಇತ್ತಲ್ಲ. ಎದೆಯಲ್ಲಿ ಏನಾದರೂ ಆಗಬೇಕಿತ್ತು, ಆಗಲಿಲ್ಲ. ಕೂತು ಕೂತು ಜೋಮು ಹಿಡಿದ ಕಾಲನ್ನು ಚಿವುಟಿದಂತೆ, ಚಿವುಟಿದ್ದು ಗೊತ್ತಾಗುತ್ತದೆ, ನೋವು ಗೊತ್ತಾಗುವುದಿಲ್ಲ. ಅವನು ಅಡಿಗೆಮನೆಯ ಬಾಗಿಲಿನಿಂದ ಪಡಸಾಲೆಯನ್ನು ನೋಡಿದ. ಚಾಪೆ ಖಾಲಿಯಿತ್ತು.

ಕಿಟಕಿಯಾಚೆ ಸುಲಭಾ ಹಿತ್ತಲಿನ ತೆಂಗಿನ ಕಟ್ಟೆಯ ಮೇಲೆ ಮಕ್ತುಮಬಿಯ ಜೊತೆ ಕೂತಿದ್ದಳು. ಮನೆ ಕಾಯುವವಳು ಈ ಮಕ್ತುಮಬಿ, ಹಿಂದಿನ ಎರಡು ಖೋಲಿಯಲ್ಲಿ ಇರುತ್ತಾಳೆ, ಗಂಡ ಅಕ್ಬರಸಾಬ ಬಂದರಿನಲ್ಲಿ ಬರ್ಫದ ಲಾರಿ ಹೊಡೆಯುತ್ತಾನೆ. ಮಂಗಳವಾರ ಸಂಜೆ ಗೋಣಿಚೀಲ ಇಳಿಸುವಾಗ ಇವರ ಮಾತು ಕೇಳಿದ್ದೇ ತಡ, "ಅಯ್ಯ ನಮ್ಮವ್ವಾ, ನಮ್ಮ ಕಡಿ ಮಂದಿ! ನಂದು ಅಮೀನಗಡರಿ! ಕರದಂಟು ತಂದೀರಿಲ್ಲೋ?" ಎಂದು ಓಡಿ ಬಂದಿದ್ದಳು. ತಂದಿರಲಿಲ್ಲ. "ಇಪ್ಪತ್ತು ವರ್ಷಕ್ಕ ಒಮ್ಮಿ ನಮ್ಮೂರ ಕಡಿಯವ್ರು ಬಂದ್ರು, ಅವ್ರೂ ಬರಿಗೈಲೆ ಬಂದ್ರು ನೋಡ್ರಿ" ಎಂದು ಚೇಷ್ಟೆ ಮಾಡಿದ್ದಳು. ಈಗ ಅವಳ ಗಾಜಿನ ಲೋಟದಲ್ಲಿ ಸುಲಭಾ ಚಹಾ ಕುಡಿಯುತ್ತಿದ್ದಳು. ಕುಡಿದು, ತುಟಿ ಒರೆಸಿಕೊಂಡು, ಏನೋ ಕೇಳುತ್ತಿದ್ದಳು. ಹೌದಲ್ಲ, ಹೊರಗಾದವಳಿಗೆ ಮೈಲಿಗೆಯ ಅಂಜಿಕೆ ಎಲ್ಲಿಯದು? ಮಡಿಯಲ್ಲಿದ್ದವನು ತಾನು, ಆದ್ದರಿಂದ ಒಲೆ ಬಿಟ್ಟು ಏಳುವಂತಿರಲಿಲ್ಲ. ಸಮುದ್ರ ಆ ಕಟ್ಟೆಯಿಂದ ಕಾಣುತ್ತದೆ, ಅಡಿಗೆಮನೆಯ ಕಿಟಕಿಯಿಂದ ಕಾಣುವುದಿಲ್ಲ. ಇಲ್ಲಿಗೆ ಬಂದು ಎರಡು ದಿನವಾದರೂ ಅವನು ನೋಡಿದ್ದು ಸ್ಟೋವಿನ ಉರಿ, ಗೋಡೆಯ ಪಟ್ಟಿ ಮತ್ತು ಆ ಪಟ್ಟಿಯಲ್ಲಿನ ಮೀನಿನ ಮಣೆ.

ಊಟವಾದ ಮೇಲೆ ಮಕ್ತುಮಬಿ ಕೊಡ ಹೊತ್ತುಕೊಂಡು ಪಡಸಾಲೆಯ ಮೆಟ್ಟಿಲಿಗೆ ಬಂದಳು. ಮಾತಿಗೆ ಮಾತು ಬಂದು, "ಅಮಾಸಿ ದಿನ ಯಾರ ಹೆಸರ್ಲೆ ನೀರ ಬಿಡ್ತೀರ್ರಿ ಸರ?" ಎಂದಳು.

"ನಮ್ಮವ್ವನ ಹೆಸರ್ಲೆ."

"ಕಡೀಕ ತ್ರಾಸ ಆತೇನ್ರಿ ಅವ್ರಿಗೆ?"

ಕೃಷ್ಣಾಜಿಯ ನಾಲಗೆ ತಾನೇ ಹೊರಟಿತು. ಮೂರು ವರ್ಷದಲ್ಲಿ ಎಷ್ಟು ಸಲ ಹೇಳಿದ್ದನೋ, ಶಬ್ದಗಳು ಸಾಲಾಗಿ ನಿಂತುಕೊಂಡೇ ಇರುತ್ತಿದ್ದವು. "ತ್ರಾಸ ಇತ್ತು, ಎರಡು ವರ್ಷ ಹಾಸಿಗಿ. ಆದ್ರ ಕೊನಿಗೆ ಸುಖ. ನನ್ನ ಕೈಯಾಗ ಗಂಗಾಜಲ ಕುಡದು, ಕಣ್ಣು ಮುಚ್ಚಿದ್ಲು."

"ಪುಣ್ಯವಂತ್ರು ಬಿಡ್ರಿ ನೀವು. ಹೆತ್ತಾಕಿ ಬಾಯಿಗೆ ನೀರ ಬಿಡೂದು ಎಲ್ಲಾರ ನಸೀಬದಾಗ ಇರಂಗಿಲ್ಲ."

ಚಾಪೆಯ ಮೇಲೆ ಸುಲಭಾ ಎಂಜಲ ತಾಟನ್ನು ಬೂದಿಯಿಂದ ಉಜ್ಜುತ್ತಿದ್ದಳು. ಕೈ ಒಂದು ಗಳಿಗೆ ನಿಂತು ಮತ್ತೆ ಉಜ್ಜಿತು. ಅವನು ಅದನ್ನು ನೋಡಿದ. ಪ್ರತಿ ಸಲವೂ ನೋಡಿದ್ದ.

ಹಳೇ ಊರಿನ ಮನೆಯ ಆ ಖೋಲಿಗೆ ಕಲ್ಲಿನ ಹೊಸ್ತಿಲಿತ್ತು. ಈಗ ಅದು ಅಣೆಕಟ್ಟಿನ ಹಿನ್ನೀರಿನ ಕೆಳಗಿದೆ, ಮೇಲೆ ಎಷ್ಟು ನೀರು ನಿಂತಿದೆಯೋ ದೇವರಿಗೇ ಗೊತ್ತು. ಅವ್ವ ತೀರಿಕೊಂಡ ವರ್ಷ ಓಣಿಯೆಲ್ಲ ಖಾಲಿಯಾಗಿತ್ತು. ಜನ ತೊಲೆ ಬಾಗಿಲು ಕಿತ್ತುಕೊಂಡು ನವನಗರಕ್ಕೆ ಹೋಗಿ, ಸಾಲಿನಲ್ಲಿ ಇವರದೊಂದೇ ಮನೆಗೆ ಮಾಡು ಉಳಿದಿತ್ತು. ಆ ಬೆಳಿಗ್ಗೆ ಅವ್ವನ ಉಸಿರು ಬೇರೆಯಾಗಿತ್ತು. ಸುಲಭಾ ಹೊರಗಾಗಿ ಎರಡನೆಯ ದಿನ. ಎರಡು ವರ್ಷ ಅವ್ವನ ಹೇಲು ಉಚ್ಚೆ ಬಳಿದ ಹೆಂಗಸು, ಆ ಮೂರು ದಿನ ಮಾತ್ರ ಹೊಸ್ತಿಲಾಚೆ. ಮುಳುಗಡೆಯವರಿಗೆ ನವನಗರದ ನಿವೇಶನದ ಚೀಟಿ ಅವತ್ತೇ ಕೊಡುವವರಿದ್ದರು, ಹೋಗದಿದ್ದರೆ ಪಾಳಿ ತಪ್ಪುತ್ತದೆ. "ಹತ್ತಕ್ಕ ಬರ್ತೇನಿ. ಏನಾದ್ರೂ ನೀ ಒಳಗ ಹೋಗಬ್ಯಾಡ ಮತ್ತ. ಅವ್ವನ ಬಾಯಿಗೆ ನಾನೇ ಗಂಗಾಜಲ ಹಾಕಬೇಕು, ಮೈಲಿಗಿ ಆಗಬಾರದು" ಎಂದು ಹೇಳಿ ಲೂನಾ ಹತ್ತಿದ್ದ. ಹತ್ತು ಗಂಟೆಗೆ ಪಾಳಿಯಲ್ಲಿ ಅವನ ಮುಂದೆ ಇನ್ನೂ ಎಂಟು ಜನ. ಬಿಟ್ಟು ಬರಬಹುದಿತ್ತು. ಇಷ್ಟು ಹೊತ್ತು ನಿಂತದ್ದು ವ್ಯರ್ಥವಾಗುತ್ತದೆಂದು ನಿಂತೇ ಇದ್ದ. ಹನ್ನೊಂದೂವರೆಗೆ ಲೂನಾ ನಿಲ್ಲಿಸಿ ಒಳಗೆ ಬಂದಾಗ ಸುಲಭಾ ಹೊಸ್ತಿಲಿನ ಹೊರಗೆ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. "ನೀರು ನೀರು ಅಂತ ಕರದ್ರು" ಎಂದಳು. ಅಷ್ಟೇ. ಅವ್ವನ ಕಣ್ಣು ಅರ್ಧ ತೆರೆದಿದ್ದವು. ಅವನು ಕಾಶಿಯಿಂದ ತಂದ ಗಂಗೆಯ ಗಿಂಡಿಯ ಬೆಸುಗೆಯನ್ನು ಚಾಕುವಿನಿಂದ ಮೀಟಿ ಒಡೆದು, ಅವ್ವನ ಬಾಯಿಗೆ ಸುರುವಿದ್ದ. ಒಂದು ಹನಿಯೂ ನಿಲ್ಲಲಿಲ್ಲ. ಹಾಕಿದಷ್ಟೂ ಕಟಬಾಯಿಯಿಂದ ಇಳಿದು ದಿಂಬಿಗೆ ಹೋಯಿತು. ಅವ್ವ ಬೇಡವೆಂದು ಉಗುಳುತ್ತಿದ್ದಾಳೆ ಎಂದು ಅವನಿಗೆ ಆಗ ಅನಿಸಿತ್ತು, ಈಗಲೂ ಅನಿಸುತ್ತದೆ.

ಮರುದಿನ, ಪುಣೆಯಲ್ಲಿ ಬ್ಯಾಂಕಿನ ನೌಕರಿಯಲ್ಲಿದ್ದ ತಮ್ಮ ಸತ್ಯಬೋಧ ಬಂದು, ಅವ್ವನ ಕಾಲ ಹತ್ತಿರ ಕೂತು, ಮಕ್ಕಳಂತೆ ಅತ್ತ. "ಅಣ್ಣಾ, ಕೊನಿಗೆ ನೀರರೆ ಕುಡದ್ಲೇನೋ?" ಎಂದ. "ಕುಡದ್ಲು. ನನ್ನ ಕೈಯಾಗ." ಮತ್ತೇನು ಹೇಳಬೇಕಿತ್ತು? ಸತ್ಯಾ ಎದ್ದು ಅವನ ಕೈಯನ್ನು ಕಣ್ಣಿಗೆ ಒತ್ತಿಕೊಂಡ. ಹದಿಮೂರು ದಿನ ಬಂದವರಿಗೆಲ್ಲ ಸತ್ಯಾನೇ ಈ ಮಾತು ಹೇಳಿದ. ಬಂದವರೆಲ್ಲ ಕೃಷ್ಣಾಜಿಯ ಬಾಯಿಂದ ಇನ್ನೊಮ್ಮೆ ಕೇಳಿದರು. ಮೊದಮೊದಲು ಸುಳ್ಳು ಬಾಯಿಗೆ ಕಹಿಯಾಗುತ್ತಿತ್ತು. ಆಮೇಲೆ ರುಚಿ ಹೋಯಿತು. ಈಗ ಆ ಖೋಲಿಯನ್ನು ನೆನೆದರೆ, ನೀರು ಗುಟುಕರಿಸುವ ಅವ್ವನ ಗಂಟಲೇ ಕಣ್ಣಿಗೆ ಕಟ್ಟುತ್ತದೆ. ಹೇಳಿ ಹೇಳಿ ತಾನೇ ಕಟ್ಟಿದ ಗಂಟಲು ಅದು.

ಶುಕ್ರವಾರ ಮಧ್ಯಾಹ್ನ ಅವನು ಕೊನೆಗೂ ಸಮುದ್ರ ನೋಡಲು ಹೋದ. ದಂಡೆಯಲ್ಲಿ ಚಪ್ಪಲಿ ಬಿಟ್ಟು, ತೆರೆ ಬಂದಾಗ ಹಿಂದೆ ಹಿಂದೆ ಹೆಜ್ಜೆ ಇಡುತ್ತ ನಿಂತ. ನಾಳೆಯ ತನಕ ಅದು ತಗಲುವಂತಿಲ್ಲ. ಮೀನು ಒಣಹಾಕುತ್ತಿದ್ದ ಇಬ್ಬರು ಹೆಂಗಸರು ಈ ಕುಣಿತ ನೋಡಿ ಕೊಂಕಣಿಯಲ್ಲಿ ಏನೋ ಅಂದು ನಕ್ಕರು. ಕೃಷ್ಣಾಜಿಗೆ ಮುಖ ಬಿಸಿಯಾಯಿತು. ಆಚೆಗೆ ನೋಡಿದರೆ ಸುಲಭಾ, ಸೀರೆ ಮೊಳಕಾಲಿನ ಮೇಲೆ ಎತ್ತಿಕೊಂಡು, ಮಕ್ತುಮಬಿಯ ಕೈ ಹಿಡಿದು ತೆರೆಯೊಳಗೆ ನಿಂತಿದ್ದಳು. ಬಂದರಿನ ಕಡೆಯಿಂದ ದೋಣಿಗಳ ಡಬಡಬ ಸದ್ದು ಬರುತ್ತಿತ್ತು. ಆಕೆಯ ಮೀನಖಂಡಗಳು ಬೆಳ್ಳಗಿದ್ದವು. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದೂ ಹಗಲಿನಲ್ಲಿ ಅವನ್ನು ಕಂಡದ್ದಿರಲಿಲ್ಲ. ಹೊರಗಾದವಳು ಸಮುದ್ರ ಮುಟ್ಟಿದಳಲ್ಲ ಎಂದು ಸಿಟ್ಟು ಬರಬೇಕಿತ್ತು. ಬಂದದ್ದು ಹೆದರಿಕೆ. ಆಕೆ ಸಾಯುತ್ತಾಳೆ, ಗೊತ್ತಾಗಿಯೇ ಹೀಗೆ ಎಲ್ಲ ಬಿಟ್ಟು ನಿಂತಿದ್ದಾಳೆ ಎಂದುಕೊಂಡ.

ಸಂಜೆ ಚಾಪೆಯಿಂದ ಎರಡು ಮೊಳ ಈಚೆಗೆ ಕುರ್ಚಿ ಹಾಕಿಕೊಂಡು ಕೂತ. ಬಹಳ ಹೊತ್ತು ಕೆಮ್ಮಿದ.

"ದವಾಖಾನಿಗೆ ಹೋಗೂಣೇನು?"

"ಯಾಕ? ನಿಮಗೇನಾಗ್ಯದ?"

"ನನಗಲ್ಲ. ನಿನಗ. ನಿಂತು ಮೂರು ವರ್ಷ ಆಗಿತ್ತಲ್ಲ. ಈಗ ಮತ್ತ ಅಂದ್ರ..."

ಸುಲಭಾ ಅವನನ್ನು ನೋಡಿದಳು. "ಎರಡು ದಿನ ಬೇಕಾತೇನು, ನೆನಪಾಗಲಿಕ್ಕೆ?"

ಅವನು ಹೆಗಲ ಮೇಲಿನ ಪಂಚೆಯಿಂದ ಮುಖ ಒರೆಸಿಕೊಂಡ.

"ರೋಗ ಗೀಗ ಏನಿಲ್ಲ. ಅಂಜಬ್ಯಾಡ್ರಿ. ನಾಳಿ ತಲಿ ಮ್ಯಾಲೆ ನೀರು ಬಿದ್ದ ಮ್ಯಾಲೆ ಹೇಳ್ತೇನಿ. ಇವತ್ತ ಹೇಳಿದ್ರ ಕೂತಿದ್ದು ದಂಡ ಆಗ್ತದ."

ಹಾಗಾದರೆ ಸುಳ್ಳು. ರೋಗವಲ್ಲ ಎಂದು ಕೇಳಿ ಎದೆ ಹಗುರಾಗಬೇಕಿತ್ತು, ಆಗಲೂ ಆಗಲಿಲ್ಲ. ಜೋಳದ ಹಿಟ್ಟು ಕಲಸುತ್ತ, ನೀನು ಸುಳ್ಳು ಹೇಳಿದಿ ಎಂದು ಅನ್ನಲು ತನಗೆ ಬಾಯಿಲ್ಲವೆಂಬುದು ಗೊತ್ತಾಯಿತು. ಅಂದರೆ ಆಕೆ, ನೀವು? ಎನ್ನುತ್ತಾಳೆ. ಆ ನೀರು ಅವ್ವನ ಗಂಟಲಿಗೆ ಇಳಿಯಲಿಲ್ಲವೆಂಬುದನ್ನು ಕಂಡವಳು ಈ ಭೂಮಿಯ ಮೇಲೆ ಆಕೆಯೊಬ್ಬಳೇ. ರೊಟ್ಟಿ ಹರಿದುಹೋಯಿತು. ಹರಿದದ್ದನ್ನೇ ಮೇಲಿಂದ ಹಾಕಿದ, ಆಕೆ ಅದನ್ನೇ ಉಂಡಳು.

ಅಮವಾಸ್ಯೆಯ ಬೆಳಿಗ್ಗೆ ಸೂರ್ಯ ಗುಡ್ಡದ ಮೇಲೆ ಬರುವ ಹೊತ್ತಿಗೆ ಇಬ್ಬರೂ ದಂಡೆಗೆ ಹೋದರು. ಅವನ ಕೈಯಲ್ಲಿ ಎಳ್ಳಿನ ಬಟ್ಟಲು, ದರ್ಭೆ. ಸುಲಭಾ ಮುಂದಾಗಿ ನೀರಿಗಿಳಿದಳು. ಸೊಂಟದ ತನಕ ಹೋಗಿ, ಮೂಗು ಹಿಡಿದು ಮುಳುಗಿದಳು. ಒಮ್ಮೆ, ಎರಡು ಸಲ, ಮೂರು ಸಲ. ಮೂರನೆಯ ಸಲ ಏಳಲು ತಡವಾಯಿತು, ಅವನು ಎಳ್ಳಿನ ಬಟ್ಟಲನ್ನು ಎತ್ತಿ ಹಿಡಿದುಕೊಂಡೇ ನಾಲ್ಕು ಹೆಜ್ಜೆ ಓಡಿದ. ಆಕೆ ಎದ್ದಳು. ಕೂದಲು ಮುಖಕ್ಕೆ ಅಂಟಿತ್ತು. ಅದನ್ನು ಹಿಂದಕ್ಕೆ ಸರಿಸಿಕೊಂಡು, ಉಪ್ಪು ಉಗುಳಿ, ಇವತ್ತು ಅಡಿಗೆಗೆ ಏನು ಮಾಡಲಿ ಎಂದು ಕೇಳುವಷ್ಟೇ ಸಪ್ಪೆಯಾಗಿ ಹೇಳಿದಳು:

"ಅವತ್ತ ನಾ ಹೊಸ್ತಲಾ ದಾಟಿದ್ದೆ."

ತೆರೆ ಬಂದು ಇಬ್ಬರನ್ನೂ ಅಲುಗಿಸಿ ಹೋಯಿತು.

"ಸುಲಭಾ ನೀರು, ಸುಲಭಾ ನೀರು ಅಂತ ಕರದ್ರು. ನಿಮ್ಮ ಹೆಸರು ಹಿಡದು ಕರೀಲಿಲ್ಲ. ಓಣ್ಯಾಗ ಯಾರಿದ್ರು ಕರೀಲಿಕ್ಕೆ? ಎಲ್ಲಾ ಬಿಟ್ಟು ಹೋಗಿದ್ರು. ಒಂದು ತಾಸು ನಿಂತೆ, ನೀವು ಬರಲಿಲ್ಲ. ಒಳಗ ಹೋಗಿ ತಲಿ ತೊಡಿ ಮ್ಯಾಲೆ ಇಟಗೊಂಡು ಹಾಕಿದೆ. ಕೊಡದಾಗಿನ ನೀರು, ಗಂಗಾಜಲ ಅಲ್ಲ. ಮೂರು ಗುಟುಕು ಛೊಲೋ ಕುಡದ್ರು. ನಾಕನೇದ್ದು ಬಾಯಾಗೇ ನಿಂತಿತು, ಒಳಗ ಹೋಗಲಿಲ್ಲ. ಬಾಯಿ ತುಂಬಿತ್ತು. ಅದಕ್ಕ ನೀವು ಹಾಕಿದ್ದು ಹೊರಗ ಬಂತು."

ಬಟ್ಟಲನ್ನು ಮುಚ್ಚಿ ಹಿಡಿದ ಕೃಷ್ಣಾಜಿಯ ಅಂಗೈಗೆ ಎಳ್ಳು ನೆನೆದು ಅಂಟಿತ್ತು. "ಮತ್ತ ನೀ ಹೊರಗ ನಿಂತಿದ್ದಿಯಲ್ಲ" ಎಂದ. ಕೇಳಬೇಕಾದದ್ದು ಇದಲ್ಲವೆಂದು ಗೊತ್ತಿತ್ತು.

"ನಿಮ್ಮ ಲೂನಾ ಸಪ್ಪಳ ಕೇಳಿಸ್ತು. ಅವರ ತಲಿ ದಿಂಬಿಗೆ ಇಟ್ಟು ಹೊರಗ ಓಡಿ ಬಂದೆ. ನಾ ಓಡೂ ಮುಂದ ಇನ್ನಾ ಉಸಿರಿತ್ತೋ ಇಲ್ಲೋ, ಅದೊಂದು ನನಗ ತಿಳೀವಲ್ತು." ಆಕೆಯ ದನಿ ಮೊದಲ ಸಲ ಒಡೆಯಿತು. "ಎರಡನೇ ದಿನಾ ದಾಟಿದೆ, ಆ ಕೂತಿದ್ದು ಮುರಿದುಹೋತು. ಮ್ಯಾಲೆ ಸೂತಕ ಬಂತು, ನಾಕನೇ ದಿನದ ನೀರು ಮಡಿ ಸ್ನಾನ ಆಗಲಿಲ್ಲ. ಆಮ್ಯಾಲೆ ನನಗ ನಿಂತೇಬಿಟ್ಟಿತು, ಮತ್ತ ಕೂತು ತೀರಸಲಿಕ್ಕೆ ದಾರಿನೇ ಉಳೀಲಿಲ್ಲ. ಮೂರು ವರ್ಷ ಮೈಲಿಗ್ಯಾಗೇ ನಿಮ್ಮ ದೇವರಿಗೆ ಅಡಿಗಿ ಮಾಡೇನಿ. ಇಲ್ಲಿ ಅಮಾಸಿ ಸ್ನಾನ ಸಿಗ್ತದಂತ ಕೂತೆ, ಪೂರಾ ಮೂರು ದಿನ. ಈಗ ತೀರ್ತು."

ನೀರು ಹಾಕಿದ್ದು ತಪ್ಪಲ್ಲ ಎಂದು ಹೇಳಬೇಕು. ಅವನು ಅಂಟಿದ ಎಳ್ಳನ್ನು ಬಟ್ಟಲಿಗೆ ಕೆರೆದ. ಆಕೆಯೇ ಮತ್ತೆ ಅಂದಳು: "ನೀವು ಏನರೆ ಮಾಡ್ರಿ. ಆದ್ರ ಆ ಗಂಗಾಜಲದ ಮಾತು ಮಾತ್ರ ಇನ್ನ ನನ್ನ ಮುಂದ ಆಡಬ್ಯಾಡ್ರಿ. ಕೇಳಿ ಕೇಳಿ, ನಾನೇ ಹಾಕಿದ್ದು ಸುಳ್ಳೇನೋ ಅನಸಲಿಕ್ಕೆ ಹತ್ತದ." ಹೇಳಿ, ಸೀರೆ ಹಿಂಡುತ್ತ ದಂಡೆಗೆ ಹೋದಳು.

ಅವನು ಮುಳುಗಿದ. ಗೋತ್ರ ಹೇಳಿದ, ಅವ್ವನ ಹೆಸರು ಹೇಳಿದ, ಎಳ್ಳುನೀರನ್ನು ಹೆಬ್ಬೆರಳ ಸಂದಿನಿಂದ ಮೂರು ಸಲ ಬಿಟ್ಟ. ಕೈಯಿಂದ ಬಿದ್ದ ನೀರು ಅಷ್ಟು ನೀರಿನಲ್ಲಿ ಎಲ್ಲಿ ಹೋಯಿತೆಂದು ತಿಳಿಯಲಿಲ್ಲ. ಅಳು ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದು ನಿಂತ.

ಮನೆಗೆ ಹೋಗುವ ದಾರಿಯಲ್ಲಿ, ಬಂದರಿನ ಗೇಟಿನ ಹತ್ತಿರ, ಒಂದು ಎಸ್‌ಟಿಡಿ ಬೂತು ಇತ್ತು. ತರ್ಪಣವಾದ ಕೂಡಲೇ ಫೋನು ಮಾಡೆಂದು ಸತ್ಯಬೋಧ ಹೇಳಿದ್ದ. ಕೃಷ್ಣಾಜಿ ಒಳಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಂಡ. ಸುಲಭಾ ಒದ್ದೆ ಬಟ್ಟೆಯ ಚೀಲ ಹಿಡಿದು ಹೊರಗೆ ನಿಂತಳು. ಆಚೆ ತುದಿಯಲ್ಲಿ ಸತ್ಯಾನ ದನಿ ಆಗಲೇ ಗದ್ಗದವಾಗಿತ್ತು.

"ಆತೇನಣ್ಣಾ? ನೀ ಪುಣ್ಯವಂತಪಾ. ಅವ್ವ ಹೋಗೂ ಮುಂದೂ ನಿನ್ನ ಕೈಯಾಗ ಕುಡದ್ಲು, ಈಗೂ ನಿನ್ನ ಕೈಯಿಂದನೇ. ನನಗ ಆ ಒಂದ ಮಾತಿನ ಮ್ಯಾಲೆನೇ ಸಮಾಧಾನ."

ಗಾಜಿನ ಮೇಲೆ ಹಳೆಯ ಸಿನಿಮಾ ಚೀಟಿಯೊಂದನ್ನು ಅರ್ಧ ಕಿತ್ತಿದ್ದರು. ಉಳಿದರ್ಧದ ಪಕ್ಕದಲ್ಲಿ ಸುಲಭಾಳ ಮುಖ ಕಾಣುತ್ತಿತ್ತು. ಆಕೆ ಇವನ ಕಡೆ ನೋಡುತ್ತಿರಲಿಲ್ಲ, ಬರ್ಫ ಇಳಿಸುವ ಲಾರಿಯನ್ನು ನೋಡುತ್ತಿದ್ದಳು. ಹೂಂ ಎಂದರೆ ಮುಗಿಯುತ್ತಿತ್ತು. ಸತ್ಯಾನ ಸಮಾಧಾನ ಸತ್ಯಾನಿಗೆ, ಗಾಜಿನಾಚೆ ಏನೂ ಕೇಳಿಸುವುದಿಲ್ಲ.

"ನನ್ನ ಕೈಯಾಗಲ್ಲೋ ಸತ್ಯಾ."

"ಏನಂದಿ?"

"ನಾ ಬರೂದ್ರಾಗ ಅವ್ವ ಹೋಗಿದ್ಲು. ನಿನಗ ಸುಳ್ಳು ಹೇಳಿದೆ. ಆಕಿಗೆ ನೀರು ಹಾಕಿದಾಕಿ ನಿಮ್ಮ ವೈನಿ, ಸುಲಭಾ."

ತಮ್ಮನ ದನಿ ಬದಲಾಯಿತು, ಬ್ಯಾಂಕಿನಲ್ಲಿ ಕೂತು ಮಾತಾಡುವ ದನಿ: "ಅಣ್ಣಾ, ವೈನಿ ಅವತ್ತ ಹೊರಗಿದ್ರಲ್ಲ?"

ಮೂರು ವರ್ಷದ ನಂತರವೂ ಎಲ್ಲರಿಗೂ ಅದು ನೆನಪಿತ್ತು. ಆಕೆಗೆ ನಿಂತದ್ದು ಯಾರಿಗೂ ನೆನಪಿರಲಿಲ್ಲ, ಹೊರಗಿದ್ದದ್ದು ನೆನಪಿತ್ತು.

"ಹೊರಗಿದ್ಲು. ಒಳಗ ಬಂದ್ಲು. ಬಂದದ್ದಕ್ಕ ಅವ್ವ ಕುಡದ್ಲು. ನಾ ಚೀಟಿ ಪಾಳ್ಯಾಗ ನಿಂತಿದ್ದೆ."

"ಇದನ್ನ ಈಗ ಯಾಕ ಹೇಳಿದ್ಯೋ ನನಗ?" ಸತ್ಯಾ ಅಳುತ್ತಿದ್ದನೋ ಸಿಟ್ಟಾಗಿದ್ದನೋ ತಿಳಿಯಲಿಲ್ಲ. "ಹೇಳಬಾರದಾಗಿತ್ತು. ಆಚಾರ್ಯರಿಗೆ ಕೇಳಬೇಕಾಗ್ತದ, ಪ್ರಾಯಶ್ಚಿತ್ತ ಏನರೆ ಅದನೋ ಏನೋ. ಆಮ್ಯಾಲೆ ಮಾತಾಡ್ತೇನಿ, ಇಡು."

ಹೊರಗೆ ಬಂದಾಗ ಸುಲಭಾ, "ಏನಂದ್ರು?" ಎಂದಳು. ನಿನಗೆ ನಮಸ್ಕಾರ ಹೇಳು ಅಂದ, ಎನ್ನುವ ಮಾತು ನಾಲಗೆಯ ತುದಿಗೆ ಬಂದು, ಸಿದ್ಧವಾಗಿ, ಕೂತಿತ್ತು. ನಾಲಗೆಗೆ ಅದು ಎಷ್ಟು ಸಲೀಸು ಎಂದು ಅವನಿಗೆ ಆಗ ಅಸಹ್ಯವಾಯಿತು.

"ಹಾಕಿದಾಕಿ ನೀ ಅಂತ ಹೇಳಿದೆ. ಆಚಾರ್ಯರಿಗೆ ಪ್ರಾಯಶ್ಚಿತ್ತ ಕೇಳ್ತೇನಿ ಅಂದ."

ಆಕೆ ಅವನನ್ನು ದಿಟ್ಟಿಸಿ ನೋಡಿದಳು. ಮುಖದಲ್ಲಿ ಏನೋ ಹರಿದಾಡಿತು. ನಗುವೇ ಇರಬೇಕು, ಗುರುತು ಹಿಡಿಯುವಷ್ಟರಲ್ಲಿ ಹೋಯಿತು.

"ನನ್ನ ಪ್ರಾಯಶ್ಚಿತ್ತ ಆಗ್ಲೇ ಆತಂತ ಹೇಳಬೇಕಿಲ್ಲ?" ಎಂದಳು. "ನಡ್ರಿ, ಹಸಿವಿ ಆಗಿರಬೇಕು ನಿಮಗ."

ಮನೆಗೆ ಬಂದು ಆಕೆ ಮೂರು ದಿನದ ಮೇಲೆ ಅಡಿಗೆಮನೆಯ ಒಳಗೆ ಹೋದಳು. ಸ್ಟೋವಿಗೆ ಗಾಳಿ ಹೊಡೆಯುವ ಸದ್ದು, ಒಗ್ಗರಣೆಯ ಸದ್ದು ಬಂತು. ಕೃಷ್ಣಾಜಿ ಪಡಸಾಲೆಯಲ್ಲಿ ನಿಂತಿದ್ದ. ಮೂಲೆಯಲ್ಲಿ ಚಾಪೆ ಸುತ್ತಿ ನಿಲ್ಲಿಸಿತ್ತು. ಮನೆ ಇನ್ನೂ ಮೂರು ದಿನ ಅವರ ಹೆಸರಿನಲ್ಲಿತ್ತು. ಅವನು ಚಾಪೆಯನ್ನು ತೆಗೆದು ಹಾಸಿದ, ಸ್ಟೀಲಿನ ತಾಟು ಲೋಟ ಮಗ್ಗುಲಿಗೆ ಇಟ್ಟುಕೊಂಡ, ಗೋಡೆಗೆ ಬೆನ್ನು ಹಚ್ಚಿ ಕೂತ. ಗಂಡಸು ಹೀಗೆ ಕೂತದ್ದನ್ನು ಅವನು ಎಲ್ಲೂ ಕಂಡಿರಲಿಲ್ಲ. ಕೊಡ ಹೊತ್ತು ಬಂದ ಮಕ್ತುಮಬಿ ಮೆಟ್ಟಿಲಲ್ಲೇ ನಿಂತು ನೋಡಿ, ಏನೋ ಚೇಷ್ಟೆ ಮಾಡಲು ಬಾಯಿ ತೆರೆದು, ಮಾಡದೆ ಕೊಡ ಇಳಿಸಿ ಹೋದಳು.

"ಒಳಗ ಬರ್ರಿ, ತಾಟು ಹಾಕೇನಿ." ಸುಲಭಾ ಬಾಗಿಲಿಗೆ ಬಂದು ನಿಂತಳು.

"ಇಲ್ಲೇ ಬಡಸು."

"ಯಾಕ?"

"ನಂದಿನ್ನಾ ಆಗಿಲ್ಲ. ಮೂರು ದಿನ" ಎಂದ. ತಾಟನ್ನು ಮುಂದೆ ತಳ್ಳಿ, ಎರಡು ಮೊಳ ಹಿಂದೆ ಸರಿದ.

ಬೇಡವೆನ್ನುತ್ತಾಳೆ, ಏಳ್ರಿ ಹುಚ್ಚರಂಗ ಮಾಡಬ್ಯಾಡ್ರಿ ಎನ್ನುತ್ತಾಳೆ ಎಂದು ಅವನು ಕಾದ. ಸುಲಭಾ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಒಳಗೆ ಹೋಗಿ ಪಾತೇಲಿ ತಂದಳು, ಬಗ್ಗಿದಳು, ತಾಟಿಗೆ ಸೌಟು ತಗಲದಂತೆ ಮೇಲಿಂದ ಅನ್ನ ಬೀಳಿಸಿದಳು. ಸಾರು ಬಿದ್ದು ಅವನ ಪಂಚೆಗೆ ಸಿಡಿಯಿತು. ಬಿಸಿಯಿತ್ತು, ಚುರ್ರೆಂದಿತು. ಅವನು ತಲೆ ಬಗ್ಗಿಸಿ ಉಣ್ಣತೊಡಗಿದ. ಆಕೆ ನೀರಿನ ತಂಬಿಗೆ ಹಿಡಿದು, ಹೊಸ್ತಿಲಿನ ಆಚೆ, ಅವನು ನೀರು ಕೇಳುವ ತನಕ ನಿಂತಿದ್ದಳು.